ದೊಣೆ ಬಂಡೆಯ ಐದು ಸಾಲು

ಆ ಹಳ್ಳಿಯ ಮೇಷ್ಟರಿಂದ ಕಾಗದ ಬಂದ ದಿನವೇ ನನಗೆ ಅದರ ಮೇಲೆ ನಂಬಿಕೆ ಹುಟ್ಟಲಿಲ್ಲ. ತಮ್ಮೂರ ಬಂಡೆಯ ಮೇಲಿನ ಶಾಸನವನ್ನು ಅವರು ನಕಲು ಮಾಡಿ ಕಳಿಸಿದ್ದರು. ಐದು ಸಾಲು. ಅಷ್ಟರಲ್ಲಿ ಒಂದು ಅಕ್ಷರವೂ ಬಿಟ್ಟುಹೋಗಿರಲಿಲ್ಲ. ಹಳ್ಳಿಗಳಿಂದ ಬರುವ ಇಂಥ ನಕಲುಗಳಲ್ಲಿ ಅಕ್ಷರಕ್ಕಿಂತ ಚುಕ್ಕೆಗಳೇ ಜಾಸ್ತಿ ಇರುತ್ತವೆ. ಕಲ್ಲು ಸವೆದಿರುತ್ತದೆ, ದನಗಳು ಮೈ ಉಜ್ಜಿರುತ್ತವೆ, ಯಾರೋ ಸುಣ್ಣ ಬಳಿದಿರುತ್ತಾರೆ. ಇದು ಮಾತ್ರ ಹೊಸ ಕಾಪಿ ಪುಸ್ತಕದ ಮೊದಲ ಪುಟದ ಹಾಗಿತ್ತು.

ಸಾಲದ್ದಕ್ಕೆ ವಿಷಯವೂ ಬಹಳ ಅನುಕೂಲವಾಗಿತ್ತು. ಬಂಡೆಯ ಬುಡದಲ್ಲಿ ಒಂದು ದೊಣೆ, ಅಂದರೆ ಕಲ್ಲಿನಲ್ಲೇ ತಾನಾಗಿ ಆದ ನೀರಿನ ಹೊಂಡ. ಅದಕ್ಕೆ ಹಿಂದೆ ಯಾರೋ ಒಬ್ಬ ಗೌಡ ಮೆಟ್ಟಿಲು ಮಾಡಿಸಿ ಊರವರಿಗೆ ಬಿಟ್ಟುಕೊಟ್ಟನೆಂದು ಶಾಸನದ ಮಾತು. ಅದೇ ಬಂಡೆಯನ್ನು ಈಗ ಕಲ್ಲುಗಣಿಗೆ ಗುತ್ತಿಗೆ ಕೊಡುವ ಯೋಚನೆ ನಡೆದಿತ್ತು. ಬಂಡೆ ಒಡೆದರೆ ದೊಣೆಯೂ ಹೋಗುತ್ತದೆ. ಬೇಸಿಗೆಯಲ್ಲಿ ಊರಿಗೆಲ್ಲ ಇದ್ದದ್ದು ಆ ನೀರೊಂದೇ.

ಯುದ್ಧ ಮುಗಿದು ರೇಷನ್ ಮುಗಿಯದಿದ್ದ ಕಾಲ. ನಾನು ಚಾಮರಾಜಪೇಟೆಯ ಒಂದು ಸಣ್ಣ ಸಂಘದಲ್ಲಿ ಕೆಲಸಕ್ಕಿದ್ದೆ. ಬೆಂಗಳೂರಿನ ಸುತ್ತಿನ ಹಳ್ಳಿಗಳಲ್ಲಿ ನೋಡತಕ್ಕ ಬಂಡೆ, ಗವಿ, ಹಾಳು ಕೋಟೆ, ಹಳೆಯ ಗುಡಿ, ವೀರಗಲ್ಲು ಇವನ್ನೆಲ್ಲ ಪಟ್ಟಿ ಮಾಡಿ ಒಂದು ಪುಸ್ತಕ ತರಬೇಕೆಂದು ಸಂಘದವರು ಹೊರಟಿದ್ದರು. ಶಾಸನ ಓದುವವರು ಮಲ್ಲೇಶ್ವರದ ಒಬ್ಬ ವಯಸ್ಸಾದ ಪಂಡಿತರು. ಕಲ್ಲಿನಿಂದ ಕಾಗದಕ್ಕೆ ಪಡಿಯಚ್ಚು ತೆಗೆಯುವುದು, ಅಳತೆ ಹಿಡಿಯುವುದು, ಬಸ್ಸು ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಎಷ್ಟು ನಡೆಯಬೇಕು, ಕುಡಿಯುವ ನೀರು ಎಲ್ಲಿ ಎಂದು ಬರೆದುಕೊಳ್ಳುವುದು ನನ್ನ ಪಾಲು. ಆ ತಾಲೂಕಿನ ಅಧಿಕಾರಿ ಅಮಲ್ದಾರರು ನಮ್ಮ ಸಂಘಕ್ಕೆ ಬರೆದಿದ್ದರು: ಶಾಸನ ನಿಜವಾದದ್ದೆಂದು ಹದಿನೈದು ದಿನದೊಳಗೆ ನೀವು ರುಜು ಹಾಕಿ ಕೊಟ್ಟರೆ ಬಂಡೆಯನ್ನು ಬಿಡಿಸುತ್ತೇನೆ, ಇಲ್ಲದಿದ್ದರೆ ಗುತ್ತಿಗೆ ಆಗಿಹೋಗುತ್ತದೆ.

ಪಂಡಿತರು ಕಾಗದವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಓದಿದರು. "ಏನ್ರೀ ಇದು, ಶಾಸನವೋ ಅರ್ಜಿಯೋ?" ಎಂದರು. ಸೋಮವಾರ ಹೊರಡುವುದೆಂದಾಯಿತು. ಮೇಷ್ಟರಿಗೂ ಹಾಗೇ ಕಾಗದ ಹಾಕಿದೆ.

ಭಾನುವಾರ ಬೆಳಗ್ಗೆ ಬಸವನಗುಡಿಯ ನಮ್ಮ ಮನೆಯ ಜಗುಲಿಗೆ ಒಬ್ಬರು ಬಂದು ಕೂತರು. ಜರಿ ರುಮಾಲು, ಕೈಯಲ್ಲಿ ರಸಪುರಿ ಮಾವಿನಹಣ್ಣಿನ ಬುಟ್ಟಿ. ತಾವು ಕಲ್ಲಿನ ಕಂಟ್ರಾಕ್ಟರು ಎಂದು ಹೇಳಿಕೊಂಡರು.

"ತಾವು ನಾಳೆ ಆ ಕಡೆ ಹೊರಟಿದೀರಂತೆ ಸ್ವಾಮಿ. ಸುಮ್ನೆ ಬಿಸಿಲಲ್ಲಿ ಶ್ರಮ. ಆ ಅಕ್ಷರ ಎಲ್ಲ ಮೊನ್ನೆ ಕೆತ್ತಿರೋದು. ಉಳಿ ಏಟು ಇನ್ನೂ ಬೆಳ್ಳಗಿದೆ. ನಂ ಆಳುಗಳೇ ನೋಡವ್ರೆ."

"ನಾಳೆ ಅಂತ ನಿಮಗೆ ಯಾರು ಹೇಳಿದ್ರು?"

"ದೊಡ್ಡೋರ ಪ್ರಯಾಣ ಮುಚ್ಚಿಡಕ್ಕಾಗುತ್ತಾ?" ಎಂದು ನಕ್ಕು ಎದ್ದು ಹೋದರು. ಬುಟ್ಟಿ ಮಾತ್ರ ಅಲ್ಲೇ ಉಳಿಯಿತು.

ನನ್ನ ಹೆಂಡತಿ ಬಾಗಿಲ ಮರೆಯಿಂದ ಬಂದು ಬುಟ್ಟಿಯನ್ನೂ ನನ್ನನ್ನೂ ನೋಡಿದಳು. "ಒಳಗೆ ತಗೊಳ್ಳಲೋ ಬೇಡ್ವೋ? ಹೇಳ್ಬಿಡಿ. ಆಮೇಲೆ ಹಣ್ಣು ತಿಂದೋಳು ನಾನು ಅಂತಾಗಬಾರ್ದು." ನಾನು ಬೇಡವೆಂದೆ. ವಾಪಸು ಕೊಡೋಣವೆಂದರೆ ಆತನ ವಿಳಾಸ ತಿಳಿಯದು. ಅವಳು ಅದನ್ನು ಹಾಗೇ ಹಿತ್ತಲಿಗೆ ಒಯ್ದು ಹಸುವಿನ ಮುಂದೆ ಸುರಿದಳು. ನಾಲ್ಕು ಹಣ್ಣಿನ ವಾಸನೆ ನೋಡಿ, "ಪಾಪ, ಒಳ್ಳೇ ಹಣ್ಣು" ಎಂದದ್ದೂ ಕೇಳಿಸಿತು.

ಅಂದಿನಿಂದ ನನ್ನ ಅನುಮಾನ ಎರಡು ಕವಲಾಯಿತು. ಮೇಷ್ಟರು ಸುಳ್ಳು ಶಾಸನ ಕೆತ್ತಿಸಿರಬೇಕು ಎಂದು ಒಂದು. ಕಂಟ್ರಾಕ್ಟರು ಇಷ್ಟು ಮುತುವರ್ಜಿ ವಹಿಸುತ್ತಿರುವುದೇಕೆ ಎಂದು ಇನ್ನೊಂದು. ನಾವು ಸೋಮವಾರ ಹೊರಡುವುದು ಗೊತ್ತಿದ್ದದ್ದು ನನಗೆ, ಪಂಡಿತರಿಗೆ, ಮೇಷ್ಟರಿಗೆ, ಅಷ್ಟೆ. ಪೆಟ್ರೋಲಿನ ಬದಲು ಇದ್ದಿಲ ಅನಿಲದಿಂದ ಓಡುವ ಬಸ್ಸಿನಲ್ಲಿ ಮಾಗಡಿ ರಸ್ತೆಯ ಧೂಳು ಕುಡಿಯುತ್ತ ಹೋಗುವಾಗ ಪಂಡಿತರ ಮುಖವನ್ನು ಕೂಡ ಒಂದೆರಡು ಸಲ ಓರೆಗಣ್ಣಿನಿಂದ ನೋಡಿದೆ ಎಂದು ಬರೆಯುವುದಕ್ಕೆ ಈಗ ನಾಚಿಕೆಯಾಗುತ್ತದೆ. ಅವರು ಪಾಪ, ಏರು ಬಂದಾಗ ಬಸ್ಸು ನಿಂತು ಡ್ರೈವರು ಇದ್ದಿಲ ಒಲೆ ಊದಿಸುವ ಹೊತ್ತಿನಲ್ಲಿ ನಿದ್ದೆ ಮಾಡುತ್ತಿದ್ದರು.

ಬಸ್ಸಿಳಿದು ಎರಡು ಮೈಲಿ ನಡೆದೆವು. ಊರ ಮುಂದೆ ಏಳೆಂಟು ಜನ ಅಡ್ಡ ನಿಂತರು. ನನ್ನ ಬಗಲಲ್ಲಿದ್ದ ಕಾಗದದ ಸುರುಳಿ, ತಗಡಿನ ಡಬ್ಬಿ, ಕುಂಚ ಎಲ್ಲವನ್ನೂ ಒಬ್ಬರು ಬೆರಳಿನಿಂದ ತಟ್ಟಿ ನೋಡಿದರು. ಅವರು ಪಟೇಲರು.

"ಲೆವಿಯೋರಾ? ಸರ್ಕಾರದ ಪಾಲಿನ ರಾಗಿ ಆಗ್ಲೇ ಅಳೆದು ಕೊಟ್ಟಾಯ್ತು."

"ಲೆವಿ ಅಲ್ಲ ಪಟೇಲ್ರೇ. ಬಂಡೆ ನೋಡಕ್ಕೆ ಬಂದೋರು."

"ಬಂಡೆ ನೋಡಕ್ಕೆ ಇಷ್ಟೆಲ್ಲ ಸಾಮಾನು ಯಾಕೆ? ವೋದ್ ವರ್ಸ ಪಟ ಇಡೀತೀವಿ ಅಂತ ಬಂದೋರು ಗುಡಿ ಇಂದೆ ಆಳುದ್ದ ಗುಂಡಿ ತೆಗೆದು ವೋದ್ರು. ನಿಧಿ ಸಿಕ್ತೋ ಬಿಡ್ತೋ, ನಮ್ ಗೋಡೆ ಬಿತ್ತು."

ಅಷ್ಟರಲ್ಲಿ ಮೇಷ್ಟರು ಓಡಿ ಬಂದರು. ಮೂವತ್ತರ ಆಸುಪಾಸು, ಮಂಡಿ ತನಕ ಮೇಲೆತ್ತಿ ಕಟ್ಟಿದ ಪಂಚೆ, ಅತಿ ಸಂತೋಷ. ಅಷ್ಟು ಸಂತೋಷ ಕೂಡ ನನಗೆ ಹಿಡಿಸಲಿಲ್ಲ.

ಬಂಡೆ ಮಾತ್ರ ನೋಡತಕ್ಕದ್ದೇ. ಮಲಗಿದ ಎಮ್ಮೆಯ ಬೆನ್ನಿನ ಹಾಗೆ ನೆಲದಿಂದ ಎದ್ದು, ಮೂರು ಮನೆ ಎತ್ತರಕ್ಕೆ ಹೋಗಿ, ಇನ್ನೊಂದು ಕಡೆ ಸದ್ದಿಲ್ಲದೆ ಇಳಿದಿತ್ತು. ಮಳೆಯ ನೀರು ಹರಿದು ಹರಿದು ಮೈಮೇಲೆ ಕಪ್ಪು ಪಟ್ಟೆಗಳು. ಬುಡದಲ್ಲಿ ದೊಣೆ. ಆ ಬೇಸಿಗೆಯಲ್ಲೂ ಸೊಂಟದಾಳ ನೀರು. ಇಬ್ಬರು ಹೆಂಗಸರು ಹಿತ್ತಾಳೆ ಕೊಡ ತುಂಬುತ್ತಿದ್ದರು. ದೊಣೆಯ ಪಕ್ಕದಲ್ಲಿ, ನೆಲಕ್ಕೆ ತಾಗಿದ ಹಾಗೆ ಶಾಸನ.

ಶಾಸನವೆಲ್ಲ ಕರ್ರಗೆ ಹೊಳೆಯುತ್ತಿತ್ತು. ಯಾರೋ ಆಗಷ್ಟೇ ಎಣ್ಣೆ ಬಳಿದಿದ್ದರು.

"ದೊಡ್ಡೋರು ಬರ್ತಾರೆ ಅಂತ ಬೆಳಗ್ಗೆ ಪೂಜೆ ಮಾಡಿಸ್ದೆ ಸಾರ್" ಎಂದರು ಮೇಷ್ಟರು.

ಎಣ್ಣೆ ಇರುವ ಕಲ್ಲಿಗೆ ಒದ್ದೆ ಕಾಗದ ಕೂರುವುದಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಎಣ್ಣೆ ಬಳಿದರೆ ಹೊಸ ಉಳಿ ಗುರುತು ಹಳೆಯದರ ಹಾಗೆ ಕಪ್ಪಾಗುತ್ತದೆ. ಪಂಡಿತರೂ ನಾನೂ ಮುಖ ಮುಖ ನೋಡಿಕೊಂಡೆವು. ಸೋಪು ಸಿಗದ ಕಾಲ. ಮೇಷ್ಟರ ಮನೆಯಿಂದ ಸೀಗೆಪುಡಿ ತರಿಸಿದೆ. ನೀರು ಹಾಕಿ, ಪುಡಿ ಹಾಕಿ, ತೆಂಗಿನ ನಾರಿನಿಂದ ಉಜ್ಜಿ, ಮತ್ತೆ ನೀರು. ಮೂರನೆಯ ಸಲಕ್ಕೆ ಎಣ್ಣೆ ಬಿಟ್ಟಿತು. ಮಧ್ಯಾಹ್ನದ ಬಿಸಿಲಿಗೆ ಕಲ್ಲು ಆರುತ್ತ ಬಂದಂತೆ ಐದು ಸಾಲೂ ಹಿಟ್ಟು ತುಂಬಿದ ಹಾಗೆ ಬೆಳ್ಳಗೆ ಎದ್ದು ನಿಂತವು. ಬೆರಳಿಟ್ಟೆ. ಅಂಚು ಚುಚ್ಚಿತು. ಇನ್ನೂರು ಮುನ್ನೂರು ವರ್ಷದ ಅಕ್ಷರ ಬೆರಳಿಗೆ ಚುಚ್ಚುವುದಿಲ್ಲ.

"ಮೇಷ್ಟ್ರೇ, ಇದನ್ನ ಯಾವಾಗ ಕೆತ್ತಿಸಿದ್ರಿ?" ಎಂದು ಪಂಡಿತರು ನೇರವಾಗಿ ಕೇಳಿದರು.

ಮೇಷ್ಟರು ಬಿಳಚಿಕೊಂಡರು. "ನಾನ್ಯಾಕೆ ಸಾರ್ ಕೆತ್ತಿಸ್ಲಿ? ನಮ್ಮಜ್ಜನ ಕಾಲದಿಂದ ಇಲ್ಲೇ ಇದೆ."

"ಹೌದೌದು. ನಿಮ್ಮಜ್ಜನ ಕಾಲದ ಸುಣ್ಣದ ಹಾಗೆ ಬೆಳ್ಳಗಿದೆ."

ಕೊಡ ಹೊತ್ತ ಹೆಂಗಸರು ನಿಂತು ಕೇಳುತ್ತಿದ್ದರು. ಮೇಷ್ಟರು ಶಾಲೆಯ ಕಡೆ ನಡೆದುಬಿಟ್ಟರು. ಅವತ್ತು ನಮಗೆ ಶಾಲೆಯ ಕೋಣೆಯಲ್ಲೇ ಬಿಡಾರ. ಅವರ ಮನೆಯಿಂದ ಊಟ ಬಂತು, ಅವರು ಬರಲಿಲ್ಲ.

ಬೆಳಗ್ಗೆ ಪಂಡಿತರು ಬಸ್ಸಿಗೆ ಹೊರಡೋಣವೆಂದರು. ನಾನು ಅಚ್ಚು ತೆಗೆಯದೆ ಬರುವುದಿಲ್ಲವೆಂದೆ. ನಂಬಿಕೆಯಿಂದಲ್ಲ, ಸುಳ್ಳೆಂದು ಬರೆಯುವುದಕ್ಕೂ ಕೈಯಲ್ಲಿ ಒಂದು ಪುರಾವೆ ಬೇಕು.

ಬಿಸಿಲು ಏರುವ ಮೊದಲು ಶುರುಮಾಡಿದೆ. ಕಾಗದವನ್ನು ನೀರಿನಲ್ಲಿ ಅದ್ದಿ ಕಲ್ಲಿಗೆ ಅಂಟಿಸಿ, ಗಟ್ಟಿ ಕುಂಚದಿಂದ ಮೇಲಿನಿಂದ ಕೆಳಕ್ಕೆ ತಟ್ಟುತ್ತ ಬರಬೇಕು. ಅಕ್ಷರದ ಹಳ್ಳಕ್ಕೆ ಕಾಗದ ಇಳಿಯಬೇಕು, ಹರಿಯಬಾರದು. ಮೊದಲನೆಯ ಕಾಗದ ಹರಿಯಿತು. ಆ ಚೂಪು ಅಂಚುಗಳು ಬ್ಲೇಡಿನ ಹಾಗೆ ಕತ್ತರಿಸಿದವು. ಎರಡನೆಯದೂ ಹಾಗೇ. ನನ್ನಲ್ಲಿ ಇದ್ದದ್ದು ಐದು. ಮೂರನೆಯದರ ಹಿಂದೆ ಇನ್ನೊಂದು ಕಾಗದ ಸೇರಿಸಿ ಎರಡು ಪದರ ಮಾಡಿ, ನಿಧಾನವಾಗಿ ಬೆರಳ ತುದಿಯಿಂದ ಒತ್ತಿದೆ. ಕೂತಿತು. ಅರ್ಧ ಆರಿದ ಮೇಲೆ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಹಗುರವಾಗಿ ಒತ್ತುತ್ತ ಹೋದೆ. ಹೀಗೆ ಮಾಡಿದರೆ ಮೈಯೆಲ್ಲ ಕಪ್ಪಾಗಿ ಹಳ್ಳದ ಅಕ್ಷರ ಮಾತ್ರ ಬಿಳಿಯಾಗಿ ಉಳಿಯುತ್ತದೆ.

ಎರಡನೆಯ ಸಾಲಿನ ಹೊತ್ತಿಗೆ ನನ್ನ ಕೈ ನಿಂತಿತು. ಪ್ರತಿ ಅಕ್ಷರದ ನಡುವೆ ತೆಳ್ಳನೆಯ ಬಿಳಿ ಗೆರೆ. ಅದರ ಎರಡೂ ಪಕ್ಕಕ್ಕೆ ಅಗಲವಾದ ಬೂದು ಅಂಚು. ಮಸಿ ಅಲ್ಲಿ ಪೂರ್ತಿ ಹಿಡಿದಿರಲಿಲ್ಲ, ಪೂರ್ತಿ ಬಿಟ್ಟೂ ಇರಲಿಲ್ಲ. ಹಾಗೆಂದರೆ ಅಲ್ಲಿ ಕಲ್ಲು ಸ್ವಲ್ಪವೇ ತಗ್ಗಾಗಿದೆ, ಸವೆದು ನುಣ್ಣಗಾಗಿದೆ. ಅಗಲವಾದ ಹಳೆಯ ಅಕ್ಷರದ ಹೊಟ್ಟೆಯೊಳಗೆ ಯಾರೋ ಹೊಸ ಗೆರೆ ಹೊಡೆದಿದ್ದರು.

ಪಂಡಿತರನ್ನು ಕೂಗಿದೆ. ಅವರು ಮೊಣಕಾಲೂರಿ ನೋಡಿ, "ಥೂ, ಹಾಳು ಮಾಡಿದಾರಲ್ರೀ" ಎಂದರು.

ಈಗ ನನ್ನ ಅನುಮಾನ ಪೂರ್ತಿ ಕಂಟ್ರಾಕ್ಟರ ಕಡೆ ತಿರುಗಿತು. ನಿಜವಾದ ಶಾಸನವನ್ನು ಸುಳ್ಳಿನಂತೆ ಕಾಣಿಸಬೇಕಾದರೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಸುತ್ತ ನಿಂತಿದ್ದವರನ್ನು ಕೇಳಿದೆ: "ಈ ಊರಲ್ಲಿ ಉಳಿ ಹಿಡಿಯೋರು ಯಾರಿದಾರೆ?"

ಬೆಳಗಿನಿಂದ ದೊಣೆಯ ಮೆಟ್ಟಿಲ ಮೇಲೆ ಕೂತು ನನ್ನ ಕೆಲಸವನ್ನೇ ನೋಡುತ್ತಿದ್ದ ಒಬ್ಬ ಮುದುಕ ಎದ್ದು ಬಂದ. ಬೆರಳುಗಳೆಲ್ಲ ಗಂಟು ಗಂಟು.

"ನಾನೇ ಬುದ್ದಿ. ಚೆಂದಾಗಿ ಬಂದೈತಾ?"

"ಏನು ಚೆಂದ?"

"ಅಕ್ಸರ. ಸವೆದು ಸವೆದು ಏನೂ ಕಾಣ್ತಿರ್ಲಿಲ್ಲ. ಮೇಷ್ಟ್ರು ದಿನಾ ಬಂದು ಕಣ್ಣು ಕಿರಿದು ಮಾಡ್ಕೊಂಡು ಬರ್ಕೊಳೋರು. ಕಾಗ್ದ ಬರೆದ್ರೆ ಬೆಂಗ್ಳೂರಿಂದ ವಯಸ್ಸಾದೋರು ಬತ್ತಾರೆ ಅಂತಿದ್ರು, ಅವ್ರಿಗೆಂಗೆ ಕಾಣ್ತದೆ ಅಂತ ಒಂದೆಲ್ಡು ದಿನ ಕುಂತು ಮುಳ್ಳು ಹಾಕ್ಬಿಟ್ಟೆ."

ಸವೆದ ರುಬ್ಬುವ ಕಲ್ಲನ್ನು ಉಳಿಯಿಂದ ಕಚ್ಚು ಹಾಕಿ ಮತ್ತೆ ಒರಟು ಮಾಡುವುದಕ್ಕೆ ಮುಳ್ಳು ಹಾಕುವುದು ಎನ್ನುತ್ತಾರೆ. ಬಸವನಗುಡಿಯ ಬೀದಿಗಳಲ್ಲೂ ವರ್ಷಕ್ಕೊಂದು ಸಲ ಹೀಗೆ ಕೂಗಿಕೊಂಡು ಬರುವವರಿದ್ದರು. ಮುದುಕ ಕಲ್ಲುಕುಟಿಗ. ಸವೆದ ಕಲ್ಲು ಕಂಡರೆ ಸರಿಮಾಡುವುದು ಅವನ ಹುಟ್ಟಾ ಕೆಲಸ. ಮೇಷ್ಟರು ಕಾಗದ ಬರೆಯುವ ಹೊತ್ತಿಗೆ ಅವನು ಮುಳ್ಳು ಹಾಕಿ ಮುಗಿಸಿದ್ದ. ಅದಕ್ಕೇ ಆ ನಕಲಿನಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

"ನಂಗೆ ಇದು ಗೊತ್ತೇ ಇರ್ಲಿಲ್ಲ" ಎಂದರು, ಅಷ್ಟರಲ್ಲಿ ಶಾಲೆಯಿಂದ ಬಂದು ನಿಂತಿದ್ದ ಮೇಷ್ಟರು. "ಶಿವರಾತ್ರಿಗೆ ತೊಳೆದ್ರಲ್ಲ, ಅದಕ್ಕೆ ಸ್ಪಷ್ಟ ಆಯ್ತು ಅನ್ಕೊಂಡಿದ್ದೆ."

ನಾನು ಸುಲಭಕ್ಕೆ ಬಿಡಲಿಲ್ಲ. "ನೀನು ಕೆಲಸ ಮಾಡೋದು ಯಾರ ಹತ್ರ?"

"ಕಂಟ್ರಾಟ್ರು ತಾವ. ಆಚೆ ಗುಡ್ಡದ ಗಣೀಲಿ."

"ಅವರು ಹೇಳಿ ಮಾಡಿಸಿದ್ರಾ?"

ಮುದುಕ ಬಾಯ್ತುಂಬ ನಕ್ಕ. "ಅವ್ರು ಏಳಿದ್ರೆ ಮದ್ದು ಇಟ್ಟು ಆರ್ಸು ಅಂತಿದ್ರು ಬುದ್ದಿ. ಅಕ್ಸರ ತಿದ್ದು ಅಂತಿದ್ರಾ? ಗಣೀಲಿ ನಾನೇ ಎಲ್ಲರ್ತಾವೂ ಏಳ್ಕೊಂಡೆ, ನೋಡ್ಬನ್ನಿ ಎಂಗ್ ಮಾಡಿವ್ನಿ ಅಂತ. ಸ್ವಾಮಾರ ದೊಡ್ಡೋರು ಬತ್ತಾರೆ ಅಂತಾನೂ ಏಳ್ದೆ."

ಅಲ್ಲಿಗೆ ಭಾನುವಾರದ ಮಾವಿನಹಣ್ಣಿನ ಲೆಕ್ಕವೂ ತಿಳಿಯಿತು. ಆದರೆ ಕೆಲಸ ಕೆಟ್ಟದ್ದು ಕೆಟ್ಟೇ ಇತ್ತು. ಪಂಡಿತರು ಚೀಲ ಎತ್ತಿಕೊಂಡರು. "ನಿಮಗೂ ನನಗೂ ಇದು ನಿಜ ಅಂತ ಗೊತ್ತು. ಅಮಲ್ದಾರರು ಬಂದು ಬೆರಳಿಟ್ಟು ನೋಡಿದ್ರೆ? ಬೂದು ಅಂಚು ಅಂತ ಹೇಳ್ತೀರಾ? ಆ ಕಂಟ್ರಾಕ್ಟರು ಆಫೀಸಲ್ಲೇ ನಗ್ತಾನೆ. ನಾನು ರುಜು ಹಾಕೋದಿಲ್ಲ ಕಣ್ರೀ."

ನಾನು ಶಾಸನದ ಕೊನೆಯ ಸಾಲನ್ನು ನೋಡುತ್ತ ನಿಂತೆ. ಅದು ನೆಲಕ್ಕೆ ತಾಗಿಕೊಂಡೇ ಮುಗಿದಿತ್ತು. ಯಾರೂ ನೆಲಕ್ಕೆ ತಾಗಿಸಿ ಬರೆಯುವುದಿಲ್ಲ, ಒಂದು ಗೇಣು ಬಿಡುತ್ತಾರೆ. ಮಳೆಗೆ ಬಂಡೆಯಿಂದ ಇಳಿದ ಮಣ್ಣು ಬುಡದಲ್ಲಿ ತುಂಬಿರಬೇಕು.

"ಇದರ ಕೆಳಗೆ ಇನ್ನೂ ಅಕ್ಷರ ಇದೆಯೇನಪ್ಪ?"

"ಐತೆ ಬುದ್ದಿ, ಇರ್ಬೇಕು. ಮಣ್ಣು ತೆಗ್ದು ಮಾಡಾನ ಅಂದ್ರೆ ನನ್ ಸೊಂಟ ಬಗ್ಗಲಿಲ್ಲ."

ಮುದುಕನ ಸೊಂಟಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಅಲ್ಲಿ ಅವನ ಉಳಿ ಮುಟ್ಟದ ಸಾಲುಗಳಿದ್ದರೆ ಪುರಾವೆ ಅದೇ. ಗುದ್ದಲಿ ಕೇಳಿದೆ.

ಕೇಳಿದ್ದೇ ತಡ, ಪಟೇಲರು ನಡುವೆ ಬಂದು ನಿಂತರು. "ನಾನು ನಿನ್ನೇನೆ ಅಂದ್ಕೊಂಡೆ. ಕೊನೇಗೆ ಅಗೆಯಕ್ಕೇ ಬತ್ತೀರಿ ನೀವು."

"ನಿಧಿಗಲ್ಲ ಪಟೇಲ್ರೇ, ಅಕ್ಷರಕ್ಕೆ."

"ಅವ್ರೂ ಪಟಕ್ಕೆ ಅಂದಿದ್ರು."

ಹಿಂದೆ ನಿಂತಿದ್ದವರು ಒಬ್ಬೊಬ್ಬರೇ ಮುಂದೆ ಬಂದರು. ಮೇಷ್ಟರು ಸಮಾಧಾನ ಹೇಳಹೋದರೆ, "ನೀವು ಸುಮ್ಕಿರಿ ಮೇಷ್ಟ್ರೇ, ನೀವೇ ಅಲ್ವಾ ಕರ್ಸಿದ್ದು" ಎಂದು ಗದರಿದರು. ಎರಡು ದಿನ ನಾನು ಆ ಊರವರ ಮೇಲೆ ಪಟ್ಟ ಅನುಮಾನವನ್ನೇ ಅವರು ನನ್ನ ಮೇಲೆ ಪಡುತ್ತಿದ್ದರು. ಅದು ತಪ್ಪೆಂದು ಹೇಳುವ ಬಾಯಿ ನನಗಿರಲಿಲ್ಲ.

"ಹಾಗಾದ್ರೆ ನೀವೇ ಅಗೀರಿ" ಎಂದೆ. "ನಾವಿಬ್ರೂ ದೊಣೆಯ ಆಚೆ ದಡದಲ್ಲಿ ಕೂತ್ಕೋತೀವಿ. ಮಣ್ಣೆಲ್ಲ ನೀವೇ ಜರಡಿ ಹಿಡೀರಿ. ಏನು ಸಿಕ್ಕಿದ್ರೂ ನಿಮ್ಮದೇ. ಅಕ್ಷರ ಸಿಕ್ಕಿದ್ರೆ ಮಾತ್ರ ನನ್ನ ಕರೀರಿ. ಒಂದೇ ಮಾತು, ಗುದ್ದಲಿ ಹಾರೆ ಬೇಡ. ಕರಟದಲ್ಲಿ ತೋಡ್ಬೇಕು."

ಪಂಡಿತರು ನನ್ನ ಕೈ ಹಿಡಿದೆಳೆದರು. "ಹುಚ್ಚಾ ನಿಮಗೆ? ಒಂದು ಏಟು ಬಿದ್ರೆ ಇದ್ದದ್ದೂ ಹೋಯ್ತು."

ನನಗೂ ಆ ಹೆದರಿಕೆ ಇತ್ತು. ಕೈಗೆ ಕೆಲಸವಿಲ್ಲದೆ, ಇಪ್ಪತ್ತು ಮಾರು ದೂರದಲ್ಲಿ ಕೂತು, ಜನರ ಬೆನ್ನು ಮಾತ್ರ ನೋಡುತ್ತ ಒಂದೂವರೆ ಗಂಟೆ ಕಳೆಯುವುದು ಎಂಥದೆಂದು ಅವತ್ತು ತಿಳಿಯಿತು. ಹೆಂಡತಿ ಕಟ್ಟಿಕೊಟ್ಟಿದ್ದ ಅವಲಕ್ಕಿಯನ್ನು ಇಬ್ಬರೂ ತಿಂದೆವು, ರುಚಿ ತಿಳಿಯಲಿಲ್ಲ. ಕರಟ ಕಲ್ಲಿಗೆ ತಾಗುವ ಕರಕರ ಸದ್ದಿಗೆಲ್ಲ ಪಂಡಿತರು ಕಣ್ಣು ಮುಚ್ಚುತ್ತಿದ್ದರು.

ಕೊನೆಗೆ ಕರೆದವರು ಪಟೇಲರೇ. "ಬನ್ನಿ ಸ್ವಾಮಿ, ಏನೋ ಗೀರು ಅವೆ. ಅಕ್ಸರವೋ ಎರೆಹುಳ ಹರಿದಿದ್ದೋ ನೀವೇ ನೋಡಿ."

ಮಣ್ಣಿನೊಳಗೆ ಎರಡು ಸಾಲು. ಬಂಡೆಯದೇ ಬಣ್ಣ, ಅಂಚೆಲ್ಲ ದುಂಡಗೆ, ಅಕ್ಷರಗಳು ಅರ್ಧ ಅಳಿಸಿಹೋಗಿದ್ದವು. ನನ್ನ ಕೊನೆಯ ಕಾಗದ ಅದಕ್ಕೆ ಹೋಯಿತು. ಪಂಡಿತರು ಮಣ್ಣಿನಲ್ಲೇ ಕೂತುಬಿಟ್ಟಿದ್ದರು. ಓದಲಾದದ್ದು ಒಂದೆರಡು ಮಾತು ಮಾತ್ರ, ಅದೂ ಪೂರ್ತಿಯಲ್ಲ. ಆದರೂ ಅವರ ಮುಖ ಅರಳಿತ್ತು. "ಇದನ್ನ ಯಾರೂ ಸುಳ್ಳು ಮಾಡಕ್ಕಾಗಲ್ಲ ಪಟೇಲ್ರೇ. ಕೆತ್ತಬಹುದು, ಇಷ್ಟು ಸವೆಸಕ್ಕೆ ಕಾಲವೇ ಬೇಕು. ಮೇಲಿನ ಐದು ಸಾಲೂ ಇದೇ ಕೈಯದು."

ಇನ್ನೊಂದು ಕೆಲಸ ಉಳಿದಿತ್ತು. ಮೇಲಿನ ಸಾಲುಗಳು ಬೆಳ್ಳಗಿರುವುದೇಕೆಂದು ಅಮಲ್ದಾರರು ಕೇಳಿಯೇ ಕೇಳುತ್ತಾರೆ. ಮುದುಕನ ಹೇಳಿಕೆ ಬರೆದುಕೊಳ್ಳಬೇಕು. ನಾನು ಶಾಲೆಯ ಮೇಜಿನ ಮೇಲೆ ಬರೆದು ಓದಿ ಹೇಳಿದೆ. ಮಸಿಯ ಉಂಡೆ ಮುಂದಿಟ್ಟೆ.

ಮೇಷ್ಟರು ಅಡ್ಡ ಬಂದರು. "ತಾತ, ಯೋಚ್ನೆ ಮಾಡು. ಇದು ಕಂಟ್ರಾಕ್ಟರ ಕಣ್ಣಿಗೆ ಬಿದ್ರೆ ನಿನ್ನ ಗಣಿಗೆ ಸೇರಿಸಲ್ಲ."

ಅದು ನನಗೆ ಹೊಳೆದೇ ಇರಲಿಲ್ಲ. ಬಂಡೆ ಸುಳ್ಳೋ, ಮೇಷ್ಟರು ಸುಳ್ಳೋ ಎಂದು ಇಷ್ಟೆಲ್ಲ ಶೋಧಿಸಿದವನು, ಆ ಕಾಗದಕ್ಕೆ ಬೆಲೆ ತೆರುವವರು ಯಾರೆಂದು ಯೋಚಿಸಿರಲಿಲ್ಲ. "ಬೇಡವಾದ್ರೆ ಬೇಡಪ್ಪ" ಎಂದೆ. ಹಾಗೆ ಹೇಳಿದರೂ ಕಾಗದವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮುದುಕ ಕಿಟಕಿಯಿಂದ ಹೊರಗೆ, ದೊಣೆಯ ಕಡೆ ನೋಡಿದ. "ನನ್ ಸೊಸೆ ಎಲ್ಲಿಂದ ನೀರು ತರ್ತಾಳೆ ಮತ್ತೆ?" ಎಂದು ಹೆಬ್ಬೆಟ್ಟು ಒತ್ತಿದ. ಒತ್ತಿದ ಮೇಲೆ ಗುರುತನ್ನು ಬೆಳಕಿಗೆ ಹಿಡಿದು, ಗೆರೆಗಳೆಲ್ಲ ಸರಿಯಾಗಿ ಮೂಡಿವೆಯೇ ಎಂದು ಪರೀಕ್ಷೆ ಮಾಡಿದ.

ಚಾಮರಾಜಪೇಟೆಗೆ ಬಂದು ಎರಡೂ ಅಚ್ಚುಗಳನ್ನು ರಟ್ಟಿಗೆ ಅಂಟಿಸಿ, ಹೇಳಿಕೆ ಸೇರಿಸಿ, ಪಂಡಿತರ ರುಜು ಹಾಕಿಸಿ, ಹದಿಮೂರನೆಯ ದಿನ ಕಳಿಸಿದೆವು. ಅಮಲ್ದಾರರು ತಾವೇ ಹೋಗಿ ನೋಡಿದರು. ಬಂಡೆ ಉಳಿಯಿತು. ಮುದುಕನನ್ನು ಗಣಿಗೆ ಕರೆಯುವುದು ಆ ವಾರವೇ ನಿಂತಿತೆಂದು ಮೇಷ್ಟರು ಬರೆದರು. ನಾನು ಉತ್ತರ ಬರೆಯಲು ಕೂತು, ಬರೀ ಕ್ಷೇಮ ಸಮಾಚಾರ ಬರೆದು ಕಳಿಸಿದೆ.

ಪುಸ್ತಕ ಅಚ್ಚಾದ ಮರುವರ್ಷ ಹೆಂಡತಿಯನ್ನು ಕರೆದುಕೊಂಡು ಆ ಕಡೆ ಹೋಗಿದ್ದೆ. ನಮ್ಮ ಪುಸ್ತಕವನ್ನೇ ಕೈಯಲ್ಲಿ ಹಿಡಿದ ಬೆಂಗಳೂರಿನ ಒಂದು ಗುಂಪು ಆಗಲೇ ಅಲ್ಲಿತ್ತು. ಮುದುಕ ಶಾಸನದ ಪಕ್ಕ ಕೂತಿದ್ದ. ಕಣ್ಣು ಮಂಜಾಗಿತ್ತೋ ಏನೋ, ನನ್ನ ಗುರುತು ಹಿಡಿಯಲಿಲ್ಲ. ಬಂದವರಿಗೆ ಕೋಲಿನಿಂದ ತೋರಿಸಿ ಹೇಳುತ್ತಿದ್ದ.

"ಮೇಲ್ಗಡೆ ಐದು ಸಾಲು ನಂದು. ಕೆಳ್ಗಡೆ ಎಲ್ಡು ಆಗಿನ ಕಾಲದೋರ್ದು. ಯಾವ್ದು ಚೆಂದಾಗಿ ಕಾಣ್ತದೆ, ನೀವೇ ಏಳಿ."